ಮಂಚದ ಕೆಳಗೆ ಸಮುದ್ರ

"ಅಜ್ಜೀ, ಕಾಲು ಕೆಳಗಿಡಬೇಡ! ಸಮುದ್ರ!"

ಚುರುಕಿ ಕೂಗಿದ್ದೇ ತಡ, ಅಜ್ಜಿ ನಗುತ್ತಾ ಕಾಲನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡಳು. "ಸರಿಯಮ್ಮ ಕ್ಯಾಪ್ಟನ್. ನನ್ನ ಕನ್ನಡಕ ಆ ದಡದಲ್ಲಿದೆಯಲ್ಲ, ಏನ್ ಮಾಡ್ಲಿ?"

"ನಾನಿರೋದ್ಯಾಕೆ?" ಚುರುಕಿ ಈಜುವವಳ ಹಾಗೆ ಕೈ ಬೀಸುತ್ತಾ ಹೋಗಿ ಮೇಜಿನ ಮೇಲಿನ ಕನ್ನಡಕ ತಂದಳು.

ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಮುಗಿಸಿ ಮನೆಗೆ ಬಂದಾಗಿನಿಂದ ಇದೇ ಆಟ. ಶಾಲೆಯಿಂದ ಬಂದ ಕೂಡಲೇ ಚುರುಕಿ ಬ್ಯಾಗ್ ಎಸೆದು ಮಂಚ ಹತ್ತುತ್ತಿದ್ದಳು. ಕಿಟಕಿಯ ನೀಲಿ ಪರದೆ ಉಬ್ಬುತ್ತಿತ್ತು. ಸಂಜೆಯ ಬಿಸಿಲು ನೆಲದ ಮೇಲೆ ಅಲೆಯ ಹಾಗೆ ಅಲ್ಲಾಡುತ್ತಿತ್ತು. ಇಬ್ಬರೂ ಮಲಗಿಕೊಂಡೇ ಹೆಸರಿಲ್ಲದ ದ್ವೀಪಗಳನ್ನು ದಾಟುತ್ತಿದ್ದರು. ಒಮ್ಮೊಮ್ಮೆ ಮಂಚ ನಿಜವಾಗಿಯೂ ತೇಲಿದಂತಾಗಿ ಚುರುಕಿ ತಲೆದಿಂಬನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ನೀರು, ಬಾಚಣಿಗೆ, ಹಣ್ಣು, ಪೇಪರ್, ಎಲ್ಲಾ ತರುವವಳು ಚುರುಕಿಯೇ. "ಇಂಥ ಮೊಮ್ಮಗಳಿರೋವಾಗ ನಂಗೇನು ಕಡಿಮೆ?" ಅಂತ ಅಜ್ಜಿ ಬಂದವರ ಮುಂದೆ ಹೇಳಿದರೆ ಮುಗಿದೇ ಹೋಯಿತು, ಹುಡುಗಿ ಹಿರಿಹಿರಿ ಹಿಗ್ಗುತ್ತಿದ್ದಳು. "ದಿನಾ ಎದ್ದು ನಡೀಬೇಕು ಅಂತ ಡಾಕ್ಟರ್ ಹೇಳಿದ್ರಲ್ಲ" ಎಂದು ಅಮ್ಮ ನೆನಪಿಸುತ್ತಿದ್ದಳು. "ನಾಳೆ ನೋಡೋಣ ಬಿಡು" ಎನ್ನುತ್ತಿದ್ದಳು ಅಜ್ಜಿ. ಆ ನಾಳೆ ಬರಲೇ ಇಲ್ಲ.

ಬಂದದ್ದು ನರ್ಸಕ್ಕ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವವಳು. ಹೊದಿಕೆ ಸರಿಸಿದವಳೇ ಹುಬ್ಬೇರಿಸಿದಳು. "ಏನಜ್ಜಿ, ಹೊಲಿಗೆ ಮೆಷಿನ್ ತುಳೀತಿದ್ದ ಕಾಲಾ ಇದು?"

ಚುರುಕಿ ಇಣುಕಿದಳು. ದಿನವಿಡೀ ಮೆಷಿನ್ ತುಳಿದು ಗಟ್ಟಿಯಾಗಿದ್ದ ಕಾಲು ಈಗ ಕಡ್ಡಿಯಾಗಿತ್ತು. ಹಾಸಿಗೆಗೆ ಒತ್ತಿ ಒತ್ತಿ ಹಿಮ್ಮಡಿ ಕೆಂಪಾಗಿತ್ತು. ಎಬ್ಬಿಸಿ ಕೂರಿಸಿದರೆ, "ಅಯ್ಯೋ, ತಲೆ ಗಿರ್ರಂತಿದೆ" ಅಂತ ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ಮೂಳೆ ಚೆನ್ನಾಗಿ ಕೂಡಿಕೊಂಡಿದೆ. ಕೆಲಸ ಇಲ್ದೆ ಕಾಲು ಸೊರಗಿ ಹೋಗಿದೆ ಅಷ್ಟೇ," ಅಂದಳು ನರ್ಸಕ್ಕ. "ಮಲಗಿದಷ್ಟೂ ಶಕ್ತಿ ಇಳೀತಾ ಹೋಗತ್ತೆ. ಹೀಗೇ ಬಿಟ್ರೆ ಆಮೇಲೆ ನಿಲ್ಲೋಕೇ ಆಗದೆ ಹೋಗಬಹುದು. ಇವರ ಕೈಗೆ ಎಲ್ಲಾ ತಂದ್ಕೊಡೋರು ಯಾರು?"

"ನಾನೇ..." ಅಂದಳು ಚುರುಕಿ. ಅಷ್ಟು ಪ್ರೀತಿಯಿಂದ ಮಾಡಿದ್ದೇ ತಪ್ಪಾಯಿತೇ? ಅವಳಿಗೆ ಅಳು ಒತ್ತಿಕೊಂಡು ಬಂತು.

ನರ್ಸಕ್ಕ ಬೈಯಲಿಲ್ಲ. ಅವಳ ಕೆನ್ನೆ ತಟ್ಟಿ, ಮಂಚದ ಪಕ್ಕ ವಾಕರ್ ಇಟ್ಟು, ಅಮ್ಮನಿಗೆ ಹೇಳಿಕೊಟ್ಟಳು. "ಮೊದಲು ಸ್ವಲ್ಪ ಹೊತ್ತು ಕೂರ್ಸಿ. ತಲೆಸುತ್ತು ನಿಂತ ಮೇಲೆ ನಿಲ್ಸಿ. ಒಬ್ಬರನ್ನೇ ಮಾತ್ರ ಬಿಡಬೇಡಿ."

ಮರುದಿನ ಸಂಜೆ ಅಮ್ಮ ಅಜ್ಜಿಯನ್ನು ಮಂಚದ ಅಂಚಿಗೆ ಕೂರಿಸಿದಳು. ಅಜ್ಜಿಯ ಮುಖ ಬಿಳಿಚಿಕೊಂಡಿತ್ತು. ಅವಳು ಚುರುಕಿಯನ್ನೇ ನೋಡಿದಳು.

"ಕೆಳಗೆ ಸಮುದ್ರ ಕಣೇ. ನೀನೇ ಹೇಳಿದ್ಯಲ್ಲ? ಇವತ್ತು ಬೇಡ ಅನ್ನು, ಪುಟ್ಟಾ."

ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ಅವಳ ಗಲ್ಲ ನಡುಗುತ್ತಿತ್ತು. ಇಷ್ಟು ದೊಡ್ಡ ಅಜ್ಜಿಗೂ ಹೆದರಿಕೆಯಾಗುತ್ತದೆ ಎಂದು ಚುರುಕಿಗೆ ಗೊತ್ತಾದದ್ದು ಆಗಲೇ. 'ಬೇಡ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಂದುಬಿಟ್ಟರೆ ಸಾಕು, ಅಜ್ಜಿ ನಗುತ್ತಾಳೆ, ಮಲಗುತ್ತಾಳೆ, ಮತ್ತೆ ದ್ವೀಪಗಳತ್ತ ಹೊರಡಬಹುದು.

"ನೀರು ಇಳಿದುಹೋಗಿದೆ, ಅಜ್ಜಿ," ಅಂದಳು ಚುರುಕಿ. "ನೋಡು, ನಾನು ನಿಂತಿದೀನಲ್ಲ. ಏಳು."

ಅಜ್ಜಿ ವಾಕರ್ ಹಿಡಿದಳು. ಅಮ್ಮ ಬೆನ್ನಿಗೆ ಕೈ ಕೊಟ್ಟಳು. ಅರ್ಧ ಎದ್ದ ಅಜ್ಜಿ ದೊಪ್ಪನೆ ಕುಳಿತುಬಿಟ್ಟಳು. ಓಡಿಹೋಗಿ ತಬ್ಬಿಕೊಂಡು "ಸಾಕು ಬಿಡಜ್ಜಿ" ಅನ್ನಬೇಕು ಅನ್ನಿಸಿತು ಚುರುಕಿಗೆ. ಆದರೂ ನಿಂತಲ್ಲೇ ನಿಂತಳು. ಅಷ್ಟು ಕಷ್ಟದ ಕೆಲಸವನ್ನು ಅವಳು ಯಾವತ್ತೂ ಮಾಡಿರಲಿಲ್ಲ.

"ಇನ್ನೊಂದ್ಸಲ, ಅಜ್ಜಿ."

ಅಜ್ಜಿಯ ಮೊಣಕಾಲು ಗಡಗಡ ನಡುಗಿತು. ಉಸಿರು ಜೋರಾಯಿತು. ಆದರೆ ಈ ಸಲ ಕೂರಲಿಲ್ಲ, ನಿಂತಳು. ಬಾಗಿದ ಬೆನ್ನು ಮೆಲ್ಲಮೆಲ್ಲಗೆ ನೆಟ್ಟಗಾಯಿತು.

ಇಷ್ಟು ದಿನ ಬಗ್ಗಿಯೇ ಅಜ್ಜಿಯ ಮುಖ ನೋಡುತ್ತಿದ್ದ ಚುರುಕಿ ಈಗ ಕತ್ತೆತ್ತಿ ನೋಡಬೇಕಾಯಿತು. ಅಜ್ಜಿ ಇಷ್ಟು ಎತ್ತರ ಎನ್ನುವುದನ್ನೇ ಅವಳು ಮರೆತುಬಿಟ್ಟಿದ್ದಳು.