ಹಿಂದಕ್ಕೆ ಹೋಗುವ ಬಟನ್

“ಇದ್ರಲ್ಲ್ ಲೇಸರ್ ಇತ್ತ್, ಕಾಣ್!”

ಕಂಪ್ಯೂಟರ್ ಅಂಗಡಿಯ ಅಶೋಕಣ್ಣ ರಿಮೋಟಿನ ಬಟನ್ ಒತ್ತಿದ. ಎದುರಿನ ಗೋಡೆಯ ಮೇಲೆ ಕುಂಕುಮದ ಬೊಟ್ಟಿನಂಥ ಕೆಂಪು ಬೆಳಕು ಕುಣಿಯಿತು.

ಮೋಕ್ಷಿತಾಳ ಕಣ್ಣು ಅದರ ಹಿಂದೆಯೇ ಓಡಿತು. “ನಂಗೆ ಇದೇ ಬೇಕ್!”

ಅವಳು ಉಪ್ಪುಂದದ ಶಾಲೆಯಲ್ಲಿ ಆರನೇ ತರಗತಿ. ಶುಕ್ರವಾರ ಶಾಲೆಯಲ್ಲಿ ಸ್ಪರ್ಧೆ. ಪರದೆಯ ಮೇಲೆ ಏಳು ಚಿತ್ರ ತೋರಿಸುತ್ತ, ಊರಿನ ಒಂದು ಕಸುಬಿನ ಬಗ್ಗೆ ಐದು ನಿಮಿಷ ಮಾತಾಡಬೇಕು. ಗೆದ್ದವರು ಕುಂದಾಪುರದ ಸ್ಪರ್ಧೆಗೆ. ಮೋಕ್ಷಿತಾ ಆರಿಸಿಕೊಂಡದ್ದು ಕೈರಂಪಣಿ. ಹತ್ತಾರು ಜನ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ ಅದು.

“ಅಜ್ಜನ ಜೊತೆ ಬೈಂದೂರಿಗೆ ಹೋಗ್ತೀಯಲ್ಲ, ಶಾಲೆಗೊಂದು ರಿಮೋಟ್ ಆರಿಸಿ ತಾ. ಪ್ರತಿ ಚಿತ್ರಕ್ಕೂ ಲ್ಯಾಪ್‌ಟಾಪ್ ಹತ್ತಿರ ಓಡೋದು ತಪ್ಪುತ್ತೆ” ಎಂದಿದ್ದರು ಚಂದ್ರಮತಿ ಟೀಚರ್.

ಅಜ್ಜನನ್ನು ಆಸ್ಪತ್ರೆಯಲ್ಲಿ ತೋರಿಸಿ, ಅಮ್ಮ, ಅಜ್ಜ, ಮೋಕ್ಷಿತಾ ಮೂವರೂ ಅಂಗಡಿಗೆ ಬಂದಿದ್ದರು. ದೀಪಾವಳಿಯ ಹೊತ್ತಿಗೆ ಅಜ್ಜನಿಗೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು. ಮಾತೂ ನಿಂತಿತ್ತು.

ಅಲ್ಲಿಯವರೆಗೆ ಅಜ್ಜನೆಂದರೆ ರಂಪಣಿಯ ಕಣ್ಣು. ದಡದ ದಿಬ್ಬದ ಮೇಲೆ ನಿಂತು, ನೀರಿನ ಬಣ್ಣ ನೋಡಿಯೇ ಮೀನಿನ ಹಿಂಡು ಎಲ್ಲಿದೆಯೆಂದು ಹೇಳುತ್ತಿದ್ದ. ಅವನು ಹೆಗಲ ಮೇಲಿನ ಟವೆಲ್ಲು, ಅಂದರೆ ಬೈರಾಸು ತೆಗೆದು ಬಲಗೈ ಎತ್ತಿ ಬೀಸಿದರೆ ದೋಣಿ ಮುಂದೆ ಹೋಗಬೇಕು. ಕೈ ಇಳಿಸಿದನೋ, ಬಲೆ ನೀರಿಗೆ.

“ಹ್ವಾಯ್ ಸೂರಣ್ಣ, ನೀವೂ ಒಂದ್ಸಲ ಒತ್ತಿ ಕಾಣಿ.” ಅಶೋಕಣ್ಣ ಇನ್ನೊಂದು ರಿಮೋಟನ್ನು ಅಜ್ಜನ ಎಡಗೈಗೆ ಕೊಟ್ಟ. ಅದರಲ್ಲಿ ಲೇಸರ್ ಇರಲಿಲ್ಲ. ಎರಡೇ ಎರಡು ದಪ್ಪ ಬಟನ್. ಒಂದು ಮುಂದಕ್ಕೆ, ಒಂದು ಹಿಂದಕ್ಕೆ.

ಅಜ್ಜನ ಹೆಬ್ಬೆರಳು ಒತ್ತಿತು. ಅಂಗಡಿಯ ಕಂಪ್ಯೂಟರಿನಲ್ಲಿ ಚಿತ್ರ ಬದಲಾಯಿತು. ಮತ್ತೆ ಒತ್ತಿದ. ಮತ್ತೆ ಬದಲಾಯಿತು. ಅಜ್ಜನ ಅರ್ಧ ಮುಖ ನಕ್ಕಿತು. ಇನ್ನರ್ಧಕ್ಕೆ ನಗಲು ಬರುತ್ತಿರಲಿಲ್ಲ.

ದೀಪಾವಳಿಯ ನಂತರ ಅಜ್ಜ ನಕ್ಕದ್ದು ಅದೇ ಮೊದಲು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಲೇಸರ್ ಇಪ್ದೇ ಕೊಡ್ಲಾ ಹೆಣೆ?” ಅಶೋಕಣ್ಣ ಮೋಕ್ಷಿತಾಳನ್ನು ಕೇಳಿದ.

ಮೋಕ್ಷಿತಾ ಗೋಡೆಯನ್ನೊಮ್ಮೆ ನೋಡಿದಳು. ಕೆಂಪು ಬೊಟ್ಟು ಆರಿಹೋಗಿತ್ತು. “ಬ್ಯಾಡ. ಅಜ್ಜನ ಕೈಯಗ್ ಇಪ್ದೇ ಕೊಡಿ.”

ಮರುದಿನ ಅವಳು ಟೀಚರನ್ನು ಕೇಳಿದಳು: “ಚಿತ್ರ ಅಜ್ಜ ಬದ್ಲ್ ಮಾಡ್ಲಾ ಟೀಚರ್? ನಾನ್ ಮಾತಾಡ್ತೆ.”

ಟೀಚರ್ ಒಪ್ಪಿದರು. “ಆಯ್ತು. ಆದ್ರೆ ನೀನು ಪ್ರೊಜೆಕ್ಟರ್ ಬೆಳಕಿಗೆ ಅಡ್ಡ ನಿಲ್ಬೇಡ. ನಿನ್ನ ನೆರಳು ಚಿತ್ರದ ಮೇಲೆ ಬೀಳುತ್ತೆ.”

ಮನೆಯಲ್ಲಿ ಎರಡು ದಿನ ಅಭ್ಯಾಸ ನಡೆಯಿತು. ಲ್ಯಾಪ್‌ಟಾಪ್ ಇರಲಿಲ್ಲ, ರಿಮೋಟ್ ಮಾತ್ರ. ಅವಳು “ಮುಂದೆ” ಅನ್ನುವುದು, ಅಜ್ಜ ಒತ್ತುವುದು. ಒಂದು ಸಲವೂ ತಪ್ಪಲಿಲ್ಲ.

ಶುಕ್ರವಾರ ಅಜ್ಜ ಮುಂದಿನ ಸಾಲಿನಲ್ಲಿ ಕುಳಿತ. ಮೊದಲ ಚಿತ್ರ ಕಡಲ ದಡ. ಎರಡನೆಯದು ಬಲೆ. ಮೂರನೆಯದು ಹಳೆಯ ಕಪ್ಪು-ಬಿಳುಪು ಫೋಟೊ. ಬೊಂಬಾಯಿಯಿಂದ ಬಂದ ನೆಂಟರೊಬ್ಬರು ಯಾವತ್ತೋ ತೆಗೆದದ್ದು. ದಿಬ್ಬದ ಮೇಲೊಬ್ಬ ಗಟ್ಟಿಮುಟ್ಟಾದ ಯುವಕ. ಬಲಗೈ ಆಕಾಶಕ್ಕೆ ಎತ್ತಿದೆ. ಕೈಯಲ್ಲಿ ಬೈರಾಸು ಗಾಳಿಗೆ ಹಾರುತ್ತಿದೆ.

“ಇವರು ನನ್ನ ಅಜ್ಜ” ಎಂದಳು ಮೋಕ್ಷಿತಾ. ಹೇಳುವುದನ್ನೆಲ್ಲ ಹೇಳಿ, “ಮುಂದೆ” ಅಂದಳು.

ನಾಲ್ಕನೆಯ ಚಿತ್ರ ಬಂತು, ದೋಣಿ. ಅವಳು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಹಳೆಯ ಫೋಟೊ.

“ಅಜ್ಜ, ಮುಂದೆ.”

ದೋಣಿ ಬಂತು. ಹೋಯಿತು. ಮತ್ತೆ ಅದೇ ಫೋಟೊ.

“ಬಸ್ ರಿವರ್ಸ್ ಹೋಪುಕ್ ಶುರು ಮಾಡ್ತ್ ಮರಾಯ!” ಹಿಂದಿನ ಸಾಲಿನಿಂದ ಶೈಲೇಶ್ ಕೂಗಿದ. ಇಡೀ ತರಗತಿ ಗೊಳ್ಳೆಂದಿತು.

ಮೋಕ್ಷಿತಾಳ ಕಿವಿ ಬಿಸಿಯಾಯಿತು. ತೀರ್ಪುಗಾರರೊಬ್ಬರು ವಾಚು ನೋಡಿಕೊಂಡರು. ಇನ್ನೂ ನಾಲ್ಕು ಚಿತ್ರ ಬಾಕಿ. ಎಲ್ಲದಕ್ಕೂ ಬಾಯಿಪಾಠ ಮಾಡಿದ್ದಳು. ಟೀಚರ್ ಮೆಲ್ಲಗೆ ಎದ್ದು, ರಿಮೋಟಿಗಾಗಿ ಅಜ್ಜನ ಮುಂದೆ ಕೈ ಚಾಚಿದರು.

ಮೋಕ್ಷಿತಾ ಸಿಟ್ಟಿನಿಂದ ಅಜ್ಜನ ಕಡೆ ತಿರುಗಿದಳು. ಅಜ್ಜ ಅವಳನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಪರದೆಯ ಮೇಲೆ, ಎಡಗೈ ಹೆಬ್ಬೆರಳು ಹಿಂದಕ್ಕೆ ಹೋಗುವ ಬಟನ್ ಮೇಲೆ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಯಾರೋ ಇಟ್ಟು ಮರೆತು ಹೋದ ಸಾಮಾನಿನ ಹಾಗೆ.

ಅವಳು ಆ ಕೈ ನೋಡಿದಳು. ಪರದೆಯ ಮೇಲಿನ ಕೈ ನೋಡಿದಳು.

“ಇರ್ಲಿ ಟೀಚರ್” ಎಂದು ಎರಡು ಹೆಜ್ಜೆ ಮುಂದೆ ಬಂದಳು. ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. “ತೆಗೀಬೇಡಿ.”

ಟೀಚರ್ ಕೈ ಹಿಂದಕ್ಕೆ ತೆಗೆದುಕೊಂಡರು. ಕುಂದಾಪುರದ ಬಸ್ಸು ತನ್ನನ್ನು ಬಿಟ್ಟು ಹೊರಟಿತೆಂದು ಮೋಕ್ಷಿತಾಳಿಗೆ ಗೊತ್ತಾಯಿತು.

ಆಗ ಪರದೆಯ ಮೇಲೆ ದೊಡ್ಡದೊಂದು ಕಪ್ಪು ತಲೆ ಕಂಡಿತು. ಅವಳದೇ ನೆರಳು. ಎತ್ತಿದ ಕೈಯನ್ನೂ ಬೈರಾಸನ್ನೂ ಅದು ಅರ್ಧ ಮುಚ್ಚಿತ್ತು.

ಐದು ನಿಮಿಷದ ಗಂಟೆ ಹೊಡೆಯಿತು. ಮೋಕ್ಷಿತಾ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ತಾಗಿಸಿ ನಿಂತಳು. ಅಜ್ಜನಿಗೆ ಈಗ ಪೂರ್ತಿ ಕಾಣುತ್ತಿತ್ತು.