ರಾಗ್ನಾ ಎಬ್ಬಿಸಿದ ಅಲೆ

ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನಾಳೆಯಿಂದ ನನ್ನ ಬಲೆಗೆ ಒಂದು ಮೀನೂ ಬೀಳದಿರ್ಲಿ. ಇದು ನಮ್ಮ ಸ್ಕಾರ್ವಿಕ್ ಬಂದರಲ್ಲೇ ನಡೆದದ್ದು, ಉತ್ತರ ನಾರ್ವೆಗೆ ಇನ್ನೂ ಹಾರುದೋಣಿ ಬರ್ತಿದ್ದ ಕಾಲದಲ್ಲಿ.

ಹಾರುದೋಣಿ ಅಂದ್ರೆ ಹೊಟ್ಟೆ ದೋಣೀದು, ರೆಕ್ಕೆ ವಿಮಾನದ್ದು. ನೀರಿಗೇ ಇಳೀತಿತ್ತು, ನೀರಿಂದ್ಲೇ ಏಳ್ತಿತ್ತು. ಆದ್ರೆ ಗಾಳಿ ಸತ್ತು ನೀರು ಕನ್ನಡಿ ಥರ ನಿಂತ್ರೆ ಮುಗೀತು, ನೀರು ಅದರ ಹೊಟ್ಟೇನ ಹಿಡ್ಕೊಂಡು ಮೇಲೇಳೋಕೆ ಬಿಡ್ತಾನೇ ಇರ್ಲಿಲ್ಲ. ಆಗ ನಮ್ಮ ಬಂದರಿನ ಹುಡುಗಿ ರಾಗ್ನಾ ತನ್ನ ಮೋಟಾರ್ ದೋಣೀಲಿ ಅಡ್ಡಾದಿಡ್ಡಿ ಓಡಿ, ಅಲೆ ಎಬ್ಬಿಸಿ ಆ ಹಿಡಿತ ಬಿಡಿಸ್ಬೇಕು. ಆ ಕೆಲ್ಸದ ಮೇಲೆ ಅವಳಿಗೆ ಅದೆಷ್ಟು ಹೆಮ್ಮೆ ಅಂತೀರಿ! ಹಂಸ ಕತ್ತೆತ್ತಿದ ಹಾಗೆ ನಡೀತಿದ್ಳು.

ಹೊಸ ಪೈಲಟ್ ಐವಿಂಡ್ ಬಂದ ದಿನಾನೇ ಜಂಬ ಕೊಚ್ಚಿದ. "ನನ್ನ ವಿಮಾನಕ್ಕೆ ಯಾವ ದೋಣಿಯ ಹಂಗೂ ಬೇಡ."

ಮೂರು ಸಲ ನೀರುದ್ದಕ್ಕೂ ಗರ್ಜಿಸ್ಕೊಂಡು ಓಡಿದ. ಮೂರು ಸಲಾನೂ ಏಳ್ಲಿಲ್ಲ.

"ಏನು ಕ್ಯಾಪ್ಟನ್ ಸಾಹೇಬ್ರೇ, ಮೀನು ಹಿಡಿಯೋಕೆ ಹೊರಟ್ರಾ?" ಅಂದ್ಳು ರಾಗ್ನಾ.

ಅವನ ಕಿವಿ ಕೆಂಪಾಯ್ತು. "ಅಲೆ... ಎಬ್ಬಿಸ್ತೀರಾ?"

ಆಮೇಲೆ ಇಡೀ ಬೇಸಿಗೆ ಅದೇ ಪಾಡು. ಬಿರುಗಾಳಿ ಹೊಡೀತಿದ್ರೂ ತಲೆ ಹೊರಗೆ ಹಾಕಿ, "ಅಲೆ ಎಬ್ಬಿಸ್ತೀರಾ?" ಅಂತ ಕೇಳೋನು.

"ಅಲೆ ಆಗ್ಲೇ ಇದೆಯಲ್ರೀ?" ಅನ್ನೋಳು ರಾಗ್ನಾ.

"ಇರ್ಲಿ ಬಿಡಿ. ನಿಮ್ಮದೂ ಒಂದೆರಡು ಇರ್ಲಿ."

ಅವಳು ನಗು ತಡ್ಕೊಂಡು ಮುಖ ತಿರುಗಿಸೋಳು. ಅವನು ಆ ತಿರುಗಿದ ಕೆನ್ನೆನೇ ನೋಡೋನು. ಇಬ್ರಿಗೂ ಬಿಂಕ. ಬಾಯಿಬಿಟ್ಟು ಯಾರೂ ಹೇಳ್ಲಿಲ್ಲ.

ಆಗಸ್ಟಲ್ಲಿ ಅವನಿಗೆ ದಕ್ಷಿಣಕ್ಕೆ ವರ್ಗವಾಯ್ತು. ಕೊನೇ ಹಾರಾಟದ ದಿನ ನೀರು ಅಲ್ಲಾಡ್ತಿಲ್ಲ, ಬೆಟ್ಟಗಳೆಲ್ಲ ಅದ್ರಲ್ಲಿ ತಲೆಕೆಳಗಾಗಿ ನಿಂತಿವೆ.

ರಾಗ್ನಾಳ ಸೋದರಮಾವ ಓಲುಫ್ ಅವಳ ಕಿವೀಲಿ ಊದಿದ. "ಲೇ ಹುಡುಗಿ, ಮೋಟಾರ್ ಕೆಟ್ಟಿದೆ ಅನ್ನು. ಅವನು ಇಲ್ಲೇ ಉಳೀತಾನೆ."

"ನಾನು ಕೆಲ್ಸ ಹಿಡಿದ ಮೇಲೆ ಒಂದು ವಿಮಾನಾನೂ ಏಳಲಾರದೆ ಈ ನೀರಲ್ಲಿ ಕೂತಿಲ್ಲ ಮಾವ. ನನ್ನ ಆಸೆಗೋಸ್ಕರ ಇವತ್ತು ಕೂರಿಸ್ಲಾ?"

ಹೊರಟ್ಳು ನೋಡಿ! ಎಂಥಾ ಅಲೆ ಎಬ್ಬಿಸಿದ್ಳು ಅಂದ್ರೆ, ನಮ್ಮನೆ ಸೂರಿನ ಮೇಲಿಂದ ಏಳು ಮೀನು ಆರಿಸ್ಕೊಂಡೆ. ವಿಮಾನ ಚಂಗನೆ ಎದ್ದು ಹೋಯ್ತು. ರಾಗ್ನಾ ಕೆನ್ನೆ ಒರೆಸ್ಕೊಂಡು, "ಸಮುದ್ರದ ನೀರು," ಅಂದ್ಳು.

ಬೆಟ್ಟದ ತಿರುವಲ್ಲಿ ವಿಮಾನ ವಾಲ್ತು. ಹಿಂದಕ್ಕೆ ಬಂತು! ಅವಳ ಅಲೆ ಇನ್ನೂ ಆಡ್ತಿದ್ದ ಜಾಗಕ್ಕೇ ಸರಿಯಾಗಿ ಇಳೀತು. ಐವಿಂಡ್ ತಲೆ ಹೊರಗೆ ಬಂತು.

"ಏನು ಮರೆತ್ರಿ?"

"ಕೇಳೋದು. ನನ್ನ ಮದುವೆ ಆಗ್ತೀಯಾ?"

ಹದಿನಾಲ್ಕು ಪ್ರಯಾಣಿಕರ ಮೂಗು ಗಾಜಿಗೆ ಅಂಟಿದ್ವು. ಒಳಗಿಂದ ಪಾದ್ರಿ ಕೂಗಿದ್ರು, "ಬೇಗ ಹೇಳಮ್ಮ, ನನಗೆ ಹೊಟ್ಟೆ ತೊಳಸ್ತಿದೆ!"

ರಾಗ್ನಾ ಸೊಂಟಕ್ಕೆ ಕೈ ಕೊಟ್ಳು. "ದಕ್ಷಿಣಕ್ಕೆ ನಾನು ಬರಲ್ಲ. ಈ ನೀರು ನಂದು."

"ಗೊತ್ತು. ವರ್ಗ ಬೇಡ ಅಂತ ಈಗ್ಲೇ ರೇಡಿಯೋದಲ್ಲಿ ಹೇಳ್ದೆ."

"ನಾನು ಆಗಲ್ಲ ಅಂದಿದ್ರೆ?"

"ಇಲ್ಲೇ ಇದ್ದು ದಿನಾ ಕೇಳ್ತಿದ್ದೆ."

ಅವಳ ಮುಖ ಬೆಳಗಿತು. "ಸರಿ, ಆಗ್ತೀನಿ. ಮೊದ್ಲು ಈ ಜನಾನ ಮುಟ್ಟಿಸಿ ಬಾ." ಅಂದವಳೇ ಮೋಟಾರ್ ಚಾಲೂ ಮಾಡಿ ಮತ್ತೆ ನೀರು ಕಲಕಿದ್ಳು, ರಾಣಿ ಹಾಗೆ ನಿಂತ್ಕೊಂಡು.

ಏನು ನಗ್ತೀರಿ? ನೀವು ನಿಮ್ಮೋಳನ್ನ ಮದುವೆ ಆಗ್ತೀಯಾ ಅಂತ ಯಾರೆದುರು ಕೇಳಿದ್ರಿ ಹೇಳಿ ನೋಡೋಣ. ಇಗೋ, ನಿಮ್ಮ ಟೊಪ್ಪಿ ಕಿತ್ಕೊಂಡೆ, ಹೇಳೋವರೆಗೂ ಅದು ನನ್ನ ಹತ್ರಾನೇ ಇರುತ್ತೆ.