ಬೀಗದ ಮೇಸ್ತ್ರಿಯ ಹಳದಿ ಮಾತ್ರೆ

ಬೀಗದ ಮೇಸ್ತ್ರಿಯ ಮಾತ್ರೆಗಳನ್ನು ಯಾರೋ ಬದಲಿಸಿದ್ದರು. ರಕ್ತದ ಕ್ಯಾನ್ಸರಿಗೆಂದು ದಿನಾ ಸಂಜೆ ನುಂಗಬೇಕಾದ ಕೀಮೋ ಮಾತ್ರೆಯ ಬಾಟಲಿಯಲ್ಲಿ ಅದೇ ಹಳದಿ ಬಣ್ಣದ ಬೇರೆ ಮಾತ್ರೆಗಳಿದ್ದವು. ಎರಡು ತಿಂಗಳು ಅವನು ಅವನ್ನೇ ನುಂಗಿದ. ಹತೋಟಿಗೆ ಬಂದಿದ್ದ ರೋಗ ಮತ್ತೆ ತಲೆಯೆತ್ತಿತು. ಆಸ್ಪತ್ರೆಗೆ ಸೇರಿಸುವಾಗ ಮನೆಯಿಂದ ತಂದ ಬಾಟಲಿ ತೆರೆದು ನೋಡಿದವರಿಗೆ ಮಾತ್ರೆ ಬೇರೆಯೆಂದು ಗೊತ್ತಾಯಿತು.

ಇಷ್ಟನ್ನು ಟೈಪು ಮಾಡಿಸಿಕೊಂಡು ಆಸ್ಪತ್ರೆಯ ವ್ಯವಸ್ಥಾಪಕ ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ. ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದಳು.

"ಯಾರ ಮೇಲೆ ಅನುಮಾನ?"

"ನಮ್ಮ ಗೇಟಿನ ಎದುರಿಗಿರೋ ಔಷಧಿ ಅಂಗಡಿಯವನ ಮೇಲೆ ಮೇಡಂ. ನಕಲಿ ಮಾಲು ಇಟ್ಟಿದಾನೆ."

"ಆಸ್ಪತ್ರೆ ಒಳಗೇ ನಿಮ್ಮ ಅಂಗಡಿ ಇದೆ. ಅವರು ಹೊರಗೆ ಯಾಕೆ ತಗೊಂಡ್ರು?"

"ಆವತ್ತು ನಮ್ಮಲ್ಲಿ ಸ್ಟಾಕ್ ಇರಲಿಲ್ಲ."

"ಎಷ್ಟು ದಿನದಿಂದ ಇರಲಿಲ್ಲ?"

ವ್ಯವಸ್ಥಾಪಕ ಟೈ ಸರಿಪಡಿಸಿಕೊಂಡ. "ನಾನು ದೂರು ಕೊಡೋಕೆ ಬಂದಿರೋದು ಮೇಡಂ."

ಎಫ್‌ಐಆರ್ ದಾಖಲಾಯಿತು. ಅವನು ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಬಾಗಿಲಲ್ಲಿ ತಲೆ ಹಾಕಿದ. ಬೆಳಿಗ್ಗೆ ಶುರುವಾದರೆ ಡ್ಯೂಟಿ ಮುಗಿಯುವ ತನಕ ಬಾಯಿ ನಿಲ್ಲದ ಆಸಾಮಿ. ಠಾಣೆಯಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು. ಬೇರೆ ಅಧಿಕಾರಿಗಳು ಅವನನ್ನು ಕಂಡರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈ ಇನ್‌ಸ್ಪೆಕ್ಟರ್ ಮಾತ್ರ ಅವನನ್ನು ಸುಮ್ಮನಿರು ಎಂದವಳಲ್ಲ. ಮನೆಗೆ ಹೋದರೆ ಅವಳೊಂದಿಗೆ ಸದ್ದು ಮಾಡುವುದು ಫ್ರಿಜ್ಜು ಒಂದೇ.

ಅಂಗಡಿಯ ಪಂಚನಾಮೆ ಮಧ್ಯಾಹ್ನ ನಡೆಯಿತು. ಅಂಗಡಿಯವನು ಗಲ್ಲದ ಬೆವರು ಒರೆಸಿಕೊಳ್ಳುತ್ತ ಅದೇ ಬ್ಯಾಚಿನ ಎರಡು ಬಾಟಲಿಗಳನ್ನು ಮುಂದಿಟ್ಟ. ಎರಡಕ್ಕೂ ಕಂಪನಿಯ ಸೀಲು ಹಾಗೇ ಇತ್ತು.

"ಸೀಲ್ ಒಡೆದು ಮಾತ್ರೆ ಬದಲಿಸಿದೀಯಾ?"

"ನಂಗೇನು ತಲೆ ಕೆಟ್ಟಿದೆಯಾ ಮೇಡಂ? ಬಾಟಲಿ ಎತ್ತಿಡೋಕೇ ನಾನು ಹೆದರ್ತೀನಿ."

"ಮೇಸ್ತ್ರಿ ಮನೆಯವರಿಗೆ ಮಾರುವಾಗ ಏನಾದರೂ ಹೇಳಿದ್ಯಾ? ಹೇಗೆ ತಗೋಬೇಕು, ಹೇಗೆ ಇಡಬೇಕು ಅಂತ?"

"ಆಸ್ಪತ್ರೇಲಿ ಹೇಳಿರ್ತಾರೆ ಅಂದ್ಕೊಂಡೆ."

ಅಂಗಡಿಗೆ ಬೀಗ ಬಿತ್ತು. ಸೀಲಾದ ಬಾಟಲಿಗಳೂ ಮೇಸ್ತ್ರಿಯ ಮನೆಯಿಂದ ಬಂದಿದ್ದ ಬಾಟಲಿಯೂ ಪ್ರಯೋಗಾಲಯಕ್ಕೆ ಹೋದವು. ಅಂಗಡಿಯವನು ಎದುರುಗಡೆಯ ಮೆಟ್ಟಿಲ ಮೇಲೆ ಕೂತು ತನ್ನದೇ ಅಂಗಡಿಯ ಬಾಗಿಲನ್ನು ನೋಡುತ್ತಿದ್ದ. ಮರುದಿನವೂ ಅಲ್ಲೇ ಕೂತಿದ್ದ. ಹಿಂದಿನ ವಾರದ ತನಕ ಅವನೊಂದಿಗೆ ನಿಂತು ಹರಟುತ್ತಿದ್ದವರು ಈಗ ರಸ್ತೆಯ ಆಚೆ ಬದಿ ಹಿಡಿದು ನಡೆಯುತ್ತಿದ್ದರು.

ವರದಿ ಬಂದಾಗ ರೇಡಿಯೊ ಅದನ್ನು ಗಟ್ಟಿಯಾಗಿ ಓದಿದ. ಸೀಲಾದ ಬಾಟಲಿಗಳಲ್ಲಿದ್ದದ್ದು ಅಸಲಿ ಕೀಮೋ ಮಾತ್ರೆ. ಮೇಸ್ತ್ರಿಯ ಬಾಟಲಿಯಲ್ಲಿದ್ದದ್ದು ಫೋಲಿಕ್ ಆಸಿಡ್.

"ಅಯ್ಯೋ, ಇದಾ! ಇದನ್ನ ನಾನು ಮೂರು ಸಲ ತಂದುಕೊಟ್ಟಿದೀನಿ ಮೇಡಂ."

"ಯಾರಿಗೆ?"

"ನನ್ನ ಹೆಂಡ್ತಿಗೆ. ಮೂರು ಮಕ್ಕಳಲ್ವಾ? ಬಸುರಿಯರಿಗೆ ಕೊಡೋ ಮಾತ್ರೆ ಇದು. ಇಷ್ಟೇ ಚಿಕ್ಕದು, ಹಿಂಗೇ ಹಳದಿ."

ಇನ್‌ಸ್ಪೆಕ್ಟರ್ ಎದ್ದು ಟೋಪಿ ತೆಗೆದುಕೊಂಡಳು. "ಮೇಸ್ತ್ರಿ ಮನೇಲಿ ಯಾರು ಬಸುರಿ?"

"ಮದುವೆಯಾದ ಮಗಳೊಬ್ಬಳು ಇದಾಳಂತೆ ಮೇಡಂ, ವಿಚಾರಿಸ್ತೀನಿ," ಎಂದ ರೇಡಿಯೊ.

ಮೇಸ್ತ್ರಿಯ ಮನೆ ಅವನ ಅಂಗಡಿಯ ಬೆನ್ನಿಗೇ ಇತ್ತು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಮೇಸ್ತ್ರಿಯನ್ನು ಆಸ್ಪತ್ರೆಗೆ ಸೇರಿಸಿದ್ದರಿಂದ ಹೆಂಡತಿ ಒಬ್ಬಳೇ ಇದ್ದಳು. ಕೋಣೆಯ ಒಂದು ಮೂಲೆಯನ್ನು ಗಡಿ ಹಾಕಿದಂತೆ ಬೇರೆ ಮಾಡಿದ್ದರು. ಅಲ್ಲಿ ಅವನ ಕುರ್ಚಿ, ಅವನ ತಟ್ಟೆ, ಕೆಂಪು ದಾರ ಕಟ್ಟಿದ ಅವನ ಲೋಟ, ಅವನ ಟವಲು. ಬಚ್ಚಲಿನಲ್ಲೂ ಅವನ ಬಕೆಟ್ಟಿಗೆ ಕೆಂಪು ದಾರ. ಆಸ್ಪತ್ರೆಯವರು ಕೊಟ್ಟ ಸೂಚನೆಗಳ ಹಾಳೆಯನ್ನು ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಅಂಟಿಸಿದ್ದರು.

"ಇದನ್ನ ಓದಿದೀರಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಬಾಯಿಪಾಠ ಆಗಿದೆ," ಎಂದಳು ಹೆಂಡತಿ. ಗೋಡೆಯ ಕಡೆ ತಿರುಗದೆ ಒಪ್ಪಿಸಿದಳು. ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ಪುಡಿ ಮಾಡಬಾರದು, ಮುರಿಯಬಾರದು. ದಿನಾ ಒಂದೇ ಹೊತ್ತಿಗೆ ಕೊಡಬೇಕು, ಹಾಲಿನ ಜೊತೆ ಕೊಡಬಾರದು. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬಾರದು. ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ವಾಂತಿ, ಮೂತ್ರ ತಾಗಿದ ಬಟ್ಟೆಯನ್ನು ಗ್ಲೌಸು ಹಾಕಿಕೊಂಡು ಬೇರೆಯಾಗಿ ಒಗೆಯಬೇಕು. ಬಸುರಿಯರು ಇವನ್ನೆಲ್ಲ ಮುಟ್ಟಲೇಬಾರದು.

"ದಿನಾ ಹೇಗೆ ಕೊಡ್ತಿದ್ರಿ, ಮಾಡಿ ತೋರಿಸಿ."

ಅವಳು ಅಡುಗೆಮನೆಗೆ ಹೋಗಿ ಒಂದು ಖಾಲಿ ಬಾಟಲಿ ತಂದಳು. ಮುಚ್ಚಳಕ್ಕೆ ಸುರುವಿಕೊಂಡಂತೆ ಮಾಡಿದಳು. ಎರಡು ಬೆರಳಲ್ಲಿ ಎತ್ತಿ, ಎದುರಿಗೆ ಗಂಡ ಕೂತಿದ್ದಾನೆ ಎಂಬಂತೆ ಬಗ್ಗಿ, ಕಾಣದ ಅಂಗೈಯೊಳಗೆ ಇಟ್ಟಳು. ಆಮೇಲೆ ಕೈ ತಾನಾಗಿ ಲೋಟದ ಕಡೆ ಹೋಯಿತು. "ಬಿಸಿ ಹಾಲು ಒಂದು ಗುಟುಕು..." ಎಂದವಳು ಅಲ್ಲೇ ನಿಂತಳು.

"ಹಾಲು?"

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

"ಗ್ಲೌಸು ಎಲ್ಲಿ?"

ಕಪಾಟಿನ ಮೇಲಿದ್ದ ಗ್ಲೌಸಿನ ಡಬ್ಬಿಯನ್ನು ರೇಡಿಯೊ ಇಳಿಸಿದ. ಅರ್ಧ ಖರ್ಚಾಗಿತ್ತು. ಮುಚ್ಚಳದ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಹಾಳೆಯ ಒಂದೊಂದು ಸಾಲನ್ನೂ ಹೇಳಿದ್ದಕ್ಕಿಂತ ಆಚೆಗೆ ಎಳೆದು ಪಾಲಿಸಿದ ಮನೆಯಲ್ಲಿ ಎರಡೇ ಸಾಲು ಯಾವಾಗಲೋ ಕಳಚಿ ಬಿದ್ದಿದ್ದವು. ವಿಷವಲ್ಲ ಎಂದು ಗೊತ್ತಿರುವ ಮಾತ್ರೆಗೆ ಗ್ಲೌಸು ಯಾರು ಹಾಕುತ್ತಾರೆ?

ಇನ್‌ಸ್ಪೆಕ್ಟರ್ ಆಗಲೇ ಕೇಳಲಿಲ್ಲ. ಬಾಗಿಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿ, ಬಸ್ಸಿನಲ್ಲಿ ನಾಲ್ಕು ನಿಲ್ದಾಣ ದಾಟಿದರೆ ಸಿಗುವ ಮಗಳ ಮನೆಗೆ ಹೋದಳು. ಮಗಳಿಗೆ ಏಳು ತಿಂಗಳು. ಬಾಗಿಲು ತೆಗೆದವಳು ಖಾಕಿ ನೋಡಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಅಪ್ಪಂಗೆ ಏನಾಯ್ತು?"

"ಚಿಕಿತ್ಸೆ ನಡೀತಿದೆ. ನೀವು ಅಪ್ಪನ್ನ ನೋಡೋಕೆ ಯಾವಾಗಿಂದ ಹೋಗ್ತಿದೀರಿ?"

"ಎರಡು ತಿಂಗಳಿಂದ. ಪ್ರತಿ ಭಾನುವಾರ."

"ಮೊದಲು?"

"ನಮ್ಮತ್ತೆ ಬಿಡ್ತಿರಲಿಲ್ಲ. ಆ ಹಾಳೆ ಫೋಟೋ ಅಮ್ಮ ಕಳ್ಸಿದ್ರು, ಅತ್ತೆ ಓದಿದ್ರು. ಮಾತ್ರೇನೇ ಬಸುರಿ ಮುಟ್ಟಬಾರದು ಅಂದ್ರೆ, ಅದನ್ನ ದಿನಾ ನುಂಗೋ ಮನುಷ್ಯನ್ನ ಮುಟ್ಟಬಹುದಾ ಅಂದ್ರು. ನಮ್ಮೆಜಮಾನರೂ ಹೌದಲ್ವಾ ಅಂದ್ರು. ನಂಗೂ ಭಯ ಆಯ್ತು. ಒಂದ್ಸಲ ಬೀದೀಲೇ ನಿಂತು ಕಿಟಕಿಯಿಂದ ಮಾತಾಡಿಸಿ ಬಂದೆ. ಅಪ್ಪ ಒಳಗಿಂದ, ಬಾರಮ್ಮ ಅನ್ಲಿಲ್ಲ. ದೂರ ನಿಂತ್ಕೋ ಮಗಳೇ ಅಂದ್ರು."

"ಆಮೇಲೆ ಹೇಗೆ ಹೋದ್ರಿ?"

"ಡಾಕ್ಟರು ಮಾತ್ರೆ ನಿಲ್ಸಿದಾರೆ, ಬಾ ಅಂತ ಅಮ್ಮ ಫೋನ್ ಮಾಡಿದ್ರು."

"ನಿಮ್ಮ ಹಳದಿ ಮಾತ್ರೆ ಅಮ್ಮ ಯಾವಾಗಲಾದ್ರೂ ಕೇಳಿದ್ರಾ?"

"ಪಕ್ಕದ ಮನೆ ಹುಡುಗಿಗೆ ಬೇಕು ಅಂತ ಈಸ್ಕೊಂಡು ಹೋಗ್ತಿದ್ರು..." ಎನ್ನುತ್ತಲೇ ಮಗಳ ಮುಖದ ಬಣ್ಣ ಇಳಿಯಿತು. ಗೋಡೆ ಹಿಡಿದು ಕೂತಳು. ರೇಡಿಯೊ ಕೇಳದೆಯೇ ಒಳಹೋಗಿ ನೀರು ತಂದ. ಮೂರು ಮಕ್ಕಳ ಅಪ್ಪ, ಅಷ್ಟು ಗೊತ್ತಿತ್ತು ಅವನಿಗೆ.

ಅಲ್ಲಿಂದ ಆಸ್ಪತ್ರೆ. ಮೇಸ್ತ್ರಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರು ಐವತ್ತು ದಾಟಿದ ಹೆಂಗಸು. ಒಬ್ಬ ರೋಗಿಯ ಕಡತ ಕಂಕುಳಲ್ಲಿ, ಇನ್ನೊಬ್ಬರದು ಕೈಯಲ್ಲಿ. ನಡೆಯುತ್ತಲೇ ಮಾತಾಡಿದರು.

"ಬಸುರಿ ಮಗಳು ಅವರ ಹತ್ತಿರ ಬರಬಹುದಿತ್ತಾ ಡಾಕ್ಟ್ರೇ?"

"ಧಾರಾಳವಾಗಿ. ಮಾತ್ರೆ ಮುಟ್ಟಬಾರದು, ಅವರ ವಾಂತಿ, ಮೂತ್ರ, ಆ ಬಟ್ಟೆ ಮುಟ್ಟಬಾರದು. ನೆಗಡಿ, ಜ್ವರ ಇದ್ದಾಗ ಬರಬಾರದು, ಅದು ಅಪ್ಪನ ಸಲುವಾಗಿ. ಅಷ್ಟೇ. ಪಕ್ಕದಲ್ಲಿ ಕೂತ್ಕೋಬಹುದು, ಕೈ ಹಿಡ್ಕೋಬಹುದು, ಒಟ್ಟಿಗೆ ಉಣ್ಣಬಹುದು. ಎಚ್ಚರಿಕೆ ಮಾತ್ರೆಗೆ ಕಣ್ರೀ, ಮನುಷ್ಯನಿಗಲ್ಲ."

"ಇದನ್ನ ಅವರಿಗೆ ಯಾರು ಹೇಳಬೇಕಿತ್ತು?"

ಡಾಕ್ಟರ ನಡಿಗೆ ನಿಂತಿತು. "ಮೊದಲು ಒಬ್ಬ ನರ್ಸ್ ಇದ್ದಳು. ಮಾತ್ರೆ ಕೊಟ್ಟು ಕಳಿಸೋ ಮುಂಚೆ ಮನೆಯವರನ್ನ ಕೂರಿಸ್ಕೊಂಡು ಹೇಳೋದೇ ಅವಳ ಕೆಲಸ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದ್ದಳು. ಆ ಹುದ್ದೆ ತೆಗೆದ್ರು. ಈಗ ಹಾಳೆ ಕೊಡ್ತಾರೆ." ಸ್ವಲ್ಪ ತಡೆದು, "ನನ್ನ ಕೇಳಿದ್ದರೆ ಹೇಳ್ತಿದ್ದೆ," ಎಂದರು.

"ನಿಮ್ಮ ಕೋಣೇಲಿ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಸಿಗುತ್ತೆ?"

ಡಾಕ್ಟರು ಕೈಯಲ್ಲಿದ್ದ ಕಡತದಿಂದ ಬಾಗಿಲ ಕಡೆ ತೋರಿಸಿದರು. ಹೊರಗೆ ಬೆಂಚಿನ ತುಂಬ ಜನ, ಬೆಂಚು ಸಾಲದೆ ನೆಲದ ಮೇಲೂ ಜನ.

ಗುರುವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತೆ ಮೇಸ್ತ್ರಿಯ ಮನೆಗೆ ಹೋದಾಗ ಹೆಂಡತಿ ಸೀರೆ ಬದಲಿಸಿ, ತಲೆ ಬಾಚಿಕೊಂಡು ಕೂತಿದ್ದಳು. ಕೇಳುವ ಮೊದಲೇ ಎದ್ದು ಗಂಡ ಮಾಡಿದ ಒಂದು ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದಳು. ಅಸಲಿ ಮಾತ್ರೆಗಳೆಲ್ಲ ಒಂದು ಡಬ್ಬಿಯಲ್ಲಿ ಭದ್ರವಾಗಿದ್ದವು.

"ಒಂದೂ ಎಸೆದಿಲ್ಲ. ಹೆರಿಗೆ ಆದ ಮೇಲೆ ಮತ್ತೆ ಶುರು ಮಾಡೋಣ ಅಂದ್ಕೊಂಡಿದ್ದೆ. ರೋಗ ಅಷ್ಟು ದಿನ ಸುಮ್ಮನಿರುತ್ತೆ ಅಂದ್ಕೊಂಡೆ."

"ಯಾಕೆ ಮಾಡಿದ್ರಿ?"

"ಅವರು ಮಾತು ನಿಲ್ಲಿಸಿಬಿಟ್ಟಿದ್ರು ಮೇಡಂ. ಆ ಮೂಲೆ ಬಿಟ್ಟು ಬರ್ತಿರಲಿಲ್ಲ. ನಾನು ಹತ್ತಿರ ಹೋದ್ರೆ, ನಿಂಗ್ಯಾಕೆ ಬೇಕು ದೂರ ಇರು ಅಂತಿದ್ರು. ಗಿರಾಕಿ ಬಂದ್ರೆ ಬೀಗ ಬಾಗಿಲ ಹೊರಗಿಟ್ಟು ಹೋಗಿ ಅಂತಿದ್ರು. ಮಗಳು ಕಿಟಕಿಯಿಂದ ನೋಡಿ ಹೋದ ದಿನ ಊಟ ಮಾಡ್ಲಿಲ್ಲ. ಬದುಕಿಸ್ತಿರೋದು ಇದಕ್ಕಾ ಅಂತ ಅನ್ಸಿಬಿಡ್ತು."

"ಆಸ್ಪತ್ರೇಲಿ ಒಂದು ಮಾತು ಕೇಳಬಹುದಿತ್ತು."

"ಕೇಳಿದೆ." ಅವಳ ದನಿ ಮೊದಲ ಬಾರಿಗೆ ಏರಿತು. "ಮಾಹಿತಿ ಅಂತ ಬೋರ್ಡಿರೋ ಕಿಟಕೀಲಿ ಕೇಳಿದೆ. ಬಸುರಿ ಮಗಳು ಅಪ್ಪನ ಹತ್ರ ಕೂರಬಹುದಾ ಅಂತ. ಹಾಳೆ ಕೊಟ್ಟಿದೀವಲ್ಲ ಓದ್ಕೊಳ್ಳಿ, ಮುಂದಿನವರು ಬನ್ನಿ ಅಂದ್ರು. ಇನ್ನೊಂದು ಸಲ ಹೋದೆ. ಆಗ ಅಲ್ಲಿ ಬಿಲ್ಲು ಕಟ್ಟಿಸ್ಕೊಳ್ತಿದ್ರು. ಬಿಲ್ ನಂಬರ್ ಹೇಳಿ ಅಂದ್ರು. ನನ್ನ ಹತ್ರ ನಂಬರ್ ಎಲ್ಲಿತ್ತು?"

ಇನ್‌ಸ್ಪೆಕ್ಟರ್ ಹೇಳದೆ ಇರಬಹುದಿತ್ತು. ಹೇಳಿದಳು. "ಮಗಳು ಬರಬಹುದಿತ್ತಮ್ಮ. ಮಾತ್ರೆ ನಿಲ್ಲಿಸಬೇಕಾಗಿರಲಿಲ್ಲ."

"ಮುಟ್ಟಬಹುದಿತ್ತಾ?"

"ಮುಟ್ಟಬಹುದಿತ್ತು. ನೀವೂ."

ಹೆಂಡತಿ ಮೂಲೆಗೆ ಹೋಗಿ ಗಂಡನ ಲೋಟ ತೆಗೆದುಕೊಂಡು, ಕೆಂಪು ದಾರವನ್ನು ಹಲ್ಲಿನಿಂದ ಕಡಿದು, ಅಡುಗೆಮನೆಯಲ್ಲಿ ಉಳಿದ ಲೋಟಗಳ ನಡುವೆ ಅದನ್ನು ಬೋರಲು ಹಾಕಿದಳು. "ನಡೀರಿ," ಎಂದಳು.

ಮೂರೂವರೆಗೆ ಬಂಧನ. ರೇಡಿಯೊ ಗ್ಲೌಸು ಹಾಕಿಕೊಂಡು ಡಬ್ಬಿಯನ್ನು ವಶಕ್ಕೆ ತೆಗೆದುಕೊಂಡ. ಜೀಪಿನಲ್ಲಿ ಅವನು ತುಟಿ ಎರಡು ಮಾಡಲಿಲ್ಲ. ಅವಳು ಗಂಡನನ್ನು ಕೊಲ್ಲಲು ಹೊರಟವಳಲ್ಲ, ಒಂಟಿಯಾಗಿ ಸಾಯುತ್ತಿದ್ದವನನ್ನು ನೋಡಲಾರದೆ ಹೋದವಳು. ಆದರೆ ಕಾನೂನಿಗೆ ಆ ಅಂತರ ಅಳೆಯುವ ಕೋಲಿಲ್ಲ.

ಸಂಜೆ ಮೇಲಧಿಕಾರಿಯ ಫೋನು ಬಂತು.

"ಆರೋಪಿ ಒಪ್ಪಿಕೊಂಡಾಯ್ತಲ್ಲ, ಗುಡ್. ಆ ಕಿಟಕಿ ಪುರಾಣ ಮಾತ್ರ ಬೇಡ. ಆಸ್ಪತ್ರೆಯವರು ದೂರು ಕೊಟ್ಟವರು. ಅವರನ್ನೇ ಕಟಕಟೆಗೆ ಎಳೀತೀರಾ?"

"ಸರ್, ಅವಳು ಎರಡು ಸಲ ಕೇಳಿದಾಳೆ."

"ಕೇಳೋದು ಬಿಡೋದು ಅಪರಾಧ ಅಲ್ಲಮ್ಮ. ಕೇಸು ಚೊಕ್ಕವಾಗಿರಲಿ."

"ಆಯ್ತು ಸರ್," ಎಂದಳು ಇನ್‌ಸ್ಪೆಕ್ಟರ್.

ಆ ಎರಡು ಪದ ಬಾಯಿಂದ ಎಷ್ಟು ಸಲೀಸಾಗಿ ಬಂದವೆಂದು ಅವಳಿಗೇ ಆಶ್ಚರ್ಯ. ರೇಡಿಯೊ ಟೈಪು ಮಾಡುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಅವಳು ಗೋಡೆ ನೋಡಿದಳು. ಅವನು ಎರಡು ಸಾಲು ಅಳಿಸಿದ.

ಮರುದಿನ ಮೇಸ್ತ್ರಿಯ ಹೆಸರಿನಲ್ಲಿ ಸಿದ್ಧಪಡಿಸಿದ ಹೇಳಿಕೆ ಹಿಡಿದು ಅವಳು ಒಬ್ಬಳೇ ವಾರ್ಡಿಗೆ ಹೋದಳು. ಮೇಸ್ತ್ರಿ ದಿಂಬಿಗೆ ಒರಗಿ ಕೂತಿದ್ದ. ತೋಳಿಗೆ ಸೂಜಿ, ತಲೆಯ ಮೇಲೆ ಔಷಧದ ಚೀಲ. ಪಕ್ಕದ ಕುರ್ಚಿ ಖಾಲಿ. ಅವಳು ಅದರಲ್ಲಿ ಕೂತು ಹೇಳಿಕೆಯನ್ನು ಓದತೊಡಗಿದಳು.

"ನನಗೆ ತಿಳಿಯದಂತೆ ನನ್ನ ಹೆಂಡತಿಯು..."

"ಅಲ್ಲಿ ನಿಲ್ಸಿ. ತಿಳಿಯದಂತೆ ಅಂದ್ರಲ್ಲ, ಅದು ಸುಳ್ಳು."

"ಏನಂದ್ರಿ?"

"ಬೆರಳ ತುದೀಲಿ ಬೀಗದ ಹೊಟ್ಟೆಯೊಳಗಿರೋದನ್ನ ಹುಡುಕೋನು ಮೇಡಂ ನಾನು. ನನ್ನ ಹೆಂಡ್ತಿ ಕೈಗೆ ಗ್ಲೌಸಿಲ್ಲ ಅಂತ ನಂಗೆ ಗೊತ್ತಾಗಲ್ವಾ? ಎಷ್ಟೋ ತಿಂಗಳು ರಬ್ಬರು ತಾಗ್ತಿದ್ದ ಅಂಗೈಗೆ ಒಂದು ಸಂಜೆ ಅವಳ ಕೈ ತಾಗ್ತು. ಜೊತೆಗೆ ಹಾಲು ಬೇರೆ. ಆಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ನುಂಗಿದ್ರಾ?"

"ಆ ಭಾನುವಾರ ಮಗಳು ಬಂದ್ಲು. ಪಕ್ಕದಲ್ಲೇ ಕೂತ್ಲು. ನನ್ನ ಕೈ ಎಳ್ಕೊಂಡು ಹೊಟ್ಟೆ ಮೇಲೆ ಇಟ್ಕೊಂಡ್ಲು, ಮಗು ಒದೀತು." ಅವನು ಸೂಜಿ ಚುಚ್ಚಿದ್ದ ಕೈಯನ್ನು ನೋಡಿಕೊಂಡ. "ಬಾಯಿ ಬಿಟ್ಟು ಕೇಳಿದ್ರೆ ಎಲ್ಲಾ ನಿಂತುಹೋಗ್ತಿತ್ತು. ಕೇಳ್ಲಿಲ್ಲ."

ಅವಳು ಆ ಹಾಳೆಯ ಮೂಲೆ ಮಡಚಿದಳು.

"ಅದನ್ನ ಸೇರಿಸ್ತೀನಿ," ಎಂದಳು ಅವಳು. "ಉಳಿದದ್ದು ಕೇಳಿ." ಕೊನೆಯ ತನಕ ಓದಿದಳು.

"ಕಿಟಕಿ ಎಲ್ಲಿ?"

"ಯಾವ ಕಿಟಕಿ?"

"ಅವಳು ಹೋಗಿ ಕೇಳಿದ ಕಿಟಕಿ. ಎರಡು ಸಲಾನೂ ನಾನು ಹಿಂದೆ ಬೆಂಚಿನ ಮೇಲೆ ಕೂತಿದ್ದೆ. ಅವರು ಕೊಟ್ಟ ಉತ್ತರ ನನ್ನ ಕಿವಿಗೇ ಬಿತ್ತು. ಅದು ಇದರಲ್ಲಿ ಇಲ್ಲ."

"ಅದು ಬೇಡ ಅಂತ ಮೇಲಿಂದ ಹೇಳಿದಾರೆ."

"ನೀವೇನು ಹೇಳ್ತೀರಿ?"

ಅವಳು ಪೆನ್ನಿನ ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. "ಸಹಿ ಹಾಕಿ ಮೇಸ್ತ್ರಿಗಳೇ. ನಿಮ್ಮ ಸಹಿ ಇಲ್ಲದೆ ಇದು ಮುಂದಕ್ಕೆ ಹೋಗಲ್ಲ."

ಮೇಸ್ತ್ರಿ ಪೆನ್ನನ್ನೂ ನೋಡಿದ, ಅವಳನ್ನೂ ನೋಡಿದ. ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡ.

"ಹಾಗಾದ್ರೆ ಹಾಕಲ್ಲ," ಎಂದ.